ದೋಣಿಯ ನೆರಳಿನ ಕೋಣೆ

ನಮ್ಮ ಮನೆಯವರಷ್ಟು ಆಗಬೋಟಿನ ಪ್ರವಾಸ ಬಲ್ಲವರು ಹುಬ್ಬಳ್ಳಿಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಬೇಕಾದರೆ ಅವರನ್ನೇ ಕೇಳಿ! ಕಾರವಾರದಿಂದ ಮುಂಬಯಿಗೆ ಯಾವ ಬೋಟು ಎಂದು ಬಿಡುತ್ತದೆ, ಯಾವುದರ ದರ ಇಳಿದಿದೆ, ಯಾವ ಬೋಟಿನ ಯಾವ ಕೋಣೆಗೆ ಗಾಳಿ ಬರುತ್ತದೆ, ಯಾವುದಕ್ಕೆ ಅಡುಗೆಮನೆಯ ಹೊಗೆ ನುಗ್ಗುತ್ತದೆ, ಎಲ್ಲವೂ ಬಾಯಿಪಾಠ. ಒಂದೇ ಒಂದು ಸಣ್ಣ ಕೊರತೆ. ಅವರು ಸಮುದ್ರವನ್ನೇ ನೋಡಿರಲಿಲ್ಲ! ಅಮ್ಮಿನಬಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯ ರೈಲ್ವೆ ಆಫೀಸಿನಲ್ಲಿ ಕಾರಕೂನಕಿ ಮಾಡುವವರಿಗೆ ಸಮುದ್ರ ಎಲ್ಲಿಂದ ಬರಬೇಕು? ಅವರು ಕಂಡ ದೊಡ್ಡ ನೀರೆಂದರೆ ಉಣಕಲ್ ಕೆರೆ. ಅದಕ್ಕೂ ಇಳಿದವರಲ್ಲ. ದಂಡೆಯ ಮೇಲೆ ನಿಂತು, "ನೀರು ಭಾಳ ಐತಿ" ಎಂದು ಹೇಳಿ ತಿರುಗಿ ಬಂದವರು.

ಅವರ ಹೆಸರೇನು ಎಂದು ಮಾತ್ರ ನನ್ನನ್ನು ಕೇಳಬೇಡಿ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ ಒಂದು ಒಡಪು ಕಟ್ಟಿ, ಅದರ ನಡುವೆ ಹೆಸರನ್ನು ಹುದುಗಿಸಿ, ಉಸಿರು ಬಿಡದೆ ಹೇಳಿ ಒಳಗೆ ಓಡಿಹೋಗುವುದು, ಅಷ್ಟೇ. ಇಲ್ಲಿ ಒಡಪು ಹಾಕುತ್ತ ಕೂಡಲು ನನಗೆ ಪುರುಸೊತ್ತಿಲ್ಲ. ಆದ್ದರಿಂದ "ಇವರು" ಎನ್ನುತ್ತೇನೆ. ಇವರೂ ಅಷ್ಟೇ, ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಆಫೀಸಿನಿಂದ ಬಂದು ಚಪ್ಪಲಿ ಬಿಡುತ್ತ, "ಯಾರದಾರ ಒಳಗ?" ಎಂದು ಕೂಗುತ್ತಾರೆ. ಒಳಗೆ ನಾನಲ್ಲದೆ ಇನ್ನು ಯಾರಿರುತ್ತಾರೆ, ಕಲೆಕ್ಟರ್ ಸಾಹೇಬರೇ? ಮಕ್ಕಳಿಲ್ಲದ ಮನೆ ನಮ್ಮದು. ಇರುವುದು ನಾನು, ಮತ್ತೆ ಒಂದು ಬೆಕ್ಕು.

ನನ್ನ ಹೆಸರಿನದು ಬೇರೆಯೇ ಗತಿ. ತವರಾದ ಧಾರವಾಡದಲ್ಲಿ ನಾನು ಚೆನ್ನವ್ವ. ಮದುವೆಯಾಗುವಾಗ ನೋಡಿದರೆ ಅತ್ತೆಯವರ ಹೆಸರೂ ಚೆನ್ನವ್ವ! ತಾಯಿಯ ಹೆಸರಿನಿಂದ ಹೆಂಡತಿಯನ್ನು ಕರೆಯುವುದುಂಟೆ? ಹಿರಿಯರೆಲ್ಲ ಕೂಡಿ ಮಾತಾಡಿದರು. ಅಕ್ಕಿಕಾಳು ಬಿದ್ದ ಮರುಗಳಿಗೆಯೇ ನಾನು ಪಾರವ್ವ ಆಗಿಬಿಟ್ಟೆ. ನನ್ನನ್ನು ಯಾರೂ ಕೇಳಲಿಲ್ಲ. ಅಪ್ಪ ಅವ್ವ ತೀರಿಕೊಂಡ ಮೇಲೆ ನನ್ನನ್ನು "ಚೆನ್ನೀ" ಎನ್ನುವವಳು ಒಬ್ಬಳೇ ಉಳಿದಳು. ನನ್ನ ಅಕ್ಕ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳು ಮುಂಬಯಿಯಲ್ಲಿ, ಗಂಡ ಸತ್ತ ಮೇಲೆ ಮಗನೊಡನೆ ಒಂದು ಚಾಳಿನಲ್ಲಿದ್ದಳು. ಅವಳನ್ನೊಮ್ಮೆ ನೋಡಬೇಕು, ಅವಳ ಬಾಯಿಂದ ಒಮ್ಮೆ ಚೆನ್ನೀ ಎನ್ನಿಸಿಕೊಳ್ಳಬೇಕು. ಸಂಸಾರ ಹೂಡಿದಂದಿನಿಂದ ನಾನು ಇವರನ್ನು ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಮುಂಬಯಿಗೆ ಹೋಗುವುದೇನು ಮಹಾ ಕೆಲಸ? ಹುಬ್ಬಳ್ಳಿ ಸ್ಟೇಶನ್ನು ನಮ್ಮ ಹಿತ್ತಲಿನಲ್ಲಿದೆ ಎಂದರೂ ನಡೆಯುತ್ತದೆ. ಇಂಜಿನ್ನಿನ ಮಸಿಯೆಲ್ಲ ನಾನು ಒಣಹಾಕಿದ ಬಟ್ಟೆಯ ಮೇಲೆ. ಇವರಿಗೆ ರೈಲ್ವೆಯ ಪಾಸು ಬೇರೆ, ಪುಣೆಯವರೆಗೆ ಪುಗಸಟ್ಟೆ! ಅಲ್ಲಿ ಗಾಡಿ ಬದಲಿಸಿದರೆ ಮುಂಬಯಿ ಬಂದೇಬಿಟ್ಟಿತು.

"ರೈಲಿನ್ಯಾಗ ಹೋಗೂಣ್ರಿ, ಪಾಸ್ ಹೆಂಗೂ ಐತಿ" ಎಂದು ಪ್ರತಿ ವರ್ಷ ನಾನು.

"ರೈಲು?" ಎಂದು ಇವರು ಮೂಗು ಮುರಿಯುವರು. "ದಿನಾ ಅದರ ಮಾರಿ ನೋಡಿ ನೋಡಿ ಬ್ಯಾಸರ ಬಂದೈತಿ. ರೈಲಿನವ ರೈಲಿನ್ಯಾಗ ಹ್ವಾದ್ರ ಅದು ನೌಕರಿ ಮಾಡಿಧಂಗ, ಸೂಟಿ ಹೆಂಗ ಆದೀತು? ಹೋದ್ರ ಆಗಬೋಟಿನ್ಯಾಗ ಹೋಗಬೇಕು. ಗಾಳಿ ಏನು, ನೀರೇನು, ನಮ್ಮದ ಅಂತ ಒಂದು ಕೋಣಿ ಏನು!"

"ಹಂಗಾರ ಹೋಗೂಣ್ರಿ. ಯಾವಾಗ?"

"ದರಾ ಇಳೀಲಿ."

ಈ ದರ ಇಳಿಯುವುದನ್ನು ಕಾಯುತ್ತ ನನ್ನ ಅರ್ಧ ಆಯುಷ್ಯ ಹೋಯಿತು. ಆಗ ಕೊಂಕಣ ದಂಡೆಯಲ್ಲಿ ಎರಡು ಬೋಟು ಕಂಪನಿಗಳು ಹಾವು ಮುಂಗುಸಿಯಂತೆ ಜಗಳಾಡುತ್ತಿದ್ದವು. ಒಬ್ಬರು ದರ ಇಳಿಸಿದರೆ ಇನ್ನೊಬ್ಬರು ಅದಕ್ಕಿಂತ ಇಳಿಸುವರು. ಒಬ್ಬರು ಇಳಿಸಿದ ದರದ ಮೇಲೆ ಚಹಾ ಪುಗಸಟ್ಟೆ ಎಂದರೆ, ಇನ್ನೊಬ್ಬರು ಚಹಾದ ಜೊತೆಗೆ ಬಿಸ್ಕೀಟು ಎನ್ನುವರು. ಆಫೀಸಿಗೆ ಬರುವ ಮುಂಬಯಿಯ ಪತ್ರಿಕೆಯಲ್ಲಿ ಇದನ್ನು ಓದಿ ಇವರು ಕುಣಿಯುತ್ತ ಮನೆಗೆ ಬರುವರು. ಈಗಲಾದರೂ ಹೋಗೋಣವೇ ಎಂದರೆ, "ಹುಚ್ಚಿ, ಈಗ್ಯಾಕ? ಇನ್ನ ಸ್ವಲ್ಪ ತಡಿ. ಜಗಳಾ ಹಿಂಗ ನಡೀತಂದ್ರ ನಮ್ಮನ್ನ ಹತ್ತಿಸಿಕೊಂಡು ಮ್ಯಾಲ ಅವರ ರೊಕ್ಕಾ ಕೊಡತಾರ!" ನಾವು ತಡೆಯುವುದರಲ್ಲಿ ಆ ಕಂಪನಿಗಳು ಕೈಕುಲುಕಿ ರಾಜಿಯಾಗುವವು. ದರ ಮೊದಲಿಗಿಂತ ಮೇಲೇರುವುದು. ಇವರು ಮನೆಯಲ್ಲಿ ಹೆಣ ಬಿದ್ದವರಂತೆ ತಲೆಯ ಮೇಲೆ ಕೈಹೊತ್ತು ಕೂಡುವರು. ಅಷ್ಟರಲ್ಲಿ ಮಿರಗದ ಮಳೆ ಬರುವುದು, ಸಮುದ್ರ ಕೆರಳುವುದು, ಬೋಟು ಬಂದ್. ಮತ್ತೆ ನವರಾತ್ರಿಯ ತನಕ ಮಾತಿಲ್ಲ!

ದರ ಇಳಿದು ನಾವು ಹೊರಡುವ ಯೋಗವೇ ಬಂತೆನ್ನಿ, ಆಗ ಕೋಣೆಯ ತಕರಾರು. ಕೋಣೆ ಆರಿಸುವುದು ಹೆಣ್ಣು ನೋಡುವುದಕ್ಕಿಂತ ಕಠಿಣವಂತೆ. ಹೊಗೆಕೊಳವೆಯ ಹಿಂದಿನದು ಬೇಡ, ಮಸಿ ಬೀಳುತ್ತದೆ. ಮೂತಿಯ ಕಡೆಯದು ಬೇಡ, ತೂಗಾಡುತ್ತದೆ. ಬಾಲದ ಕಡೆಯದು ಬೇಡ, ಯಂತ್ರ ಗುಡುಗುತ್ತದೆ. ಕೆಳಗಿನ ಹಾಸಿಗೆ ಬೇಡ, ಮೇಲೆ ಯಾರೋ ಮಲಗುತ್ತಾರೆ. ಮೇಲಿನದೂ ಬೇಡ, ಕೆಳಗೆ ಯಾರಾದರೂ ಹಿರಿಯರಿದ್ದರೆ ಅವರ ಮೇಲೆ ಕಾಲು ಚಾಚಿದಂತಾಗುತ್ತದೆ! ಇಷ್ಟೆಲ್ಲ ಜಾಲಾಡಿ ಇವರು ಒಂದು ಸಿದ್ಧಾಂತ ಕಂಡುಹಿಡಿದಿದ್ದರು. ಹಡಗಿನ ಮೇಲೆ ಆಪತ್ತಿಗೆಂದು ಸಣ್ಣ ದೋಣಿಗಳನ್ನು ತೂಗುಹಾಕಿರುತ್ತಾರಲ್ಲ, ಹೊಗೆಕೊಳವೆಯ ಮುಂದೆ, ಅಂಥ ಒಂದು ದೋಣಿಯ ಕೆಳಗಿನ ಕೋಣೆಯೇ ಸರ್ವೋತ್ತಮ.

"ಯಾಕ್ರಿ?" ಎಂದೆ ಒಮ್ಮೆ, ಕೇಳಬಾರದಿತ್ತು.

"ಯಾಕಂದ್ರ, ಮಧ್ಯಾಹ್ನ ದೋಣಿ ನೆರಳು ಬೀಳತೈತಿ. ಮ್ಯಾಲ, ಹಡಗ ಮುಳಗಾಕತ್ತಿತು ಅಂದ್ರ ನಾವ ಮೊದಲ ಹತ್ತಬಹುದು!"

ಇದನ್ನು ಹೇಳಿದ ದಿನವೇ ಬೆಳಿಗ್ಗೆ ನಾನು ಬಾಗಿಲ ಮುಂದೆ ಸಾರಿಸಿ ಒಳಗೆ ಹೋದೆ. ಹೊರಗೆ ಬಂದು ನೋಡಿದರೆ ಇವರು ನನ್ನ ರಂಗೋಲಿಯ ಬಟ್ಟಲು ಹಿಡಿದು ಅಂಗಳದ ತುಂಬ ಒಂದು ಹಡಗನ್ನೇ ಬರೆದಿದ್ದಾರೆ! ಉದ್ದನೆಯ ಮೈ, ನಡುವೆ ದುಂಡಗೆ ಹೊಗೆಕೊಳವೆ, ಎರಡೂ ಮಗ್ಗುಲಿಗೆ ಚೌಕ ಚೌಕ ಕೋಣೆಗಳು. "ಬಾ ಇಲ್ಲೆ, ಈ ಕೋಣ್ಯಾಗ ಅಡ್ಡಾಗು. ಕಾಲ ಹಿಡಸತಾವೋ ಇಲ್ಲೋ ನೋಡೂಣು" ಎಂದರು. ಹಾಡುಹಗಲಲ್ಲಿ, ಬೀದಿಯ ಮೇಲೆ, ಲಕ್ಷಣವಾಗಿ ಸೀರೆ ಉಟ್ಟ ಹೆಂಗಸು ರಂಗೋಲಿಯಲ್ಲಿ ಮಲಗಬೇಕಂತೆ! ನಾನು ಬಾಗಿಲು ಹಾಕಿಕೊಂಡೆ. ಅಷ್ಟಕ್ಕೇ ಮುಗಿಯಲಿಲ್ಲ. ಅಂದು ಶುಕ್ರವಾರ. ನೀರಿಗೆ ಹೋಗುವ ಹೆಂಗಸರು ಇದು ಯಾವುದೋ ಹೊಸ ವ್ರತವೆಂದು ತಿಳಿದು, ಹೊಗೆಕೊಳವೆಗೆ ಅರಿಷಿಣ ಕುಂಕುಮ ಏರಿಸಿ, ಕೈಮುಗಿದು ಹೋದರು. ಸಂಜೆಯ ಹೊತ್ತಿಗೆ ಅದರ ಮೇಲೆ ಹೂವು, ಕಡಲೆ, ಒಂದು ತೆಂಗಿನಕಾಯಿ! ಮುಂದಿನ ಶುಕ್ರವಾರ ಎದುರುಮನೆಯ ಮಾಸ್ತರರ ಹೆಂಡತಿ ಬಂದು, "ಈ ವಾರ ಯಾಕ ಬರೀಲಿಲ್ರಿ? ನನ್ನ ಸೊಸಿಗೆ ಭಾಳ ಛಲೋ ಆತು" ಎಂದರು.

ಆ ಮಾಸ್ತರರ ಕಥೆಯೂ ಕೇಳುವಂಥದೇ. ಮುಂಬಯಿಗೆ ಮದುವೆಗೆಂದು ಹೊರಟವರು ಇವರ ಸಲಹೆ ಕೇಳಿದರು. ಮಣ್ಣು ತಿಂದರು! "ಕಾರವಾರಕ್ಕ ಹೋಗ್ರಿ, ಬಂದ ಬೋಟು ಹತ್ತಬ್ಯಾಡ್ರಿ. ಎರಡು ದಿನಾ ತಡದ್ರ ದರಾ ಇಳಿತೈತಿ" ಎಂದು ಇವರು. ಮಾಸ್ತರರು ಸಾಧು ಮನುಷ್ಯ, ತಡೆದರು. ದರ ಇಳಿಯಿತು, ಸುಳ್ಳಲ್ಲ. ಆದರೆ ಖಾನಾವಳಿಯ ಬಾಕಿ ಕೊಟ್ಟ ಮೇಲೆ ಇಳಿದ ದರಕ್ಕೂ ಅವರಲ್ಲಿ ದುಡ್ಡು ಉಳಿಯಲಿಲ್ಲ. ಮದುವೆಯೂ ಆಗಿಹೋಯಿತು. ಮೋಟಾರು ಹತ್ತಿ ತಿರುಗಿ ಬಂದವರು ಇವರನ್ನು ಕಂಡರೆ ಈಗಲೂ ಓಣಿ ಬದಲಿಸುತ್ತಾರೆ. ಇವರು ಮಾತ್ರ, "ದರಾ ಇಳೀತೋ ಇಲ್ಲೋ? ನಾ ಹೇಳಿದ್ದು ಖರೇ ಆತೋ ಇಲ್ಲೋ?" ಎಂದು ನನ್ನ ಮುಂದೆ ಎದೆ ತಟ್ಟಿಕೊಂಡರು.

ನಗಬೇಡಿ. ನೀವು ಇಂಥವರ ಜೊತೆ ಒಂದು ದಿನ ಸಂಸಾರ ಮಾಡಿ ನೋಡಿ, ಆಮೇಲೆ ನಗುವಿರಂತೆ. ನನಗಂತೂ ಅಳು ಬರುತ್ತಿತ್ತು. ಅತ್ತ ಅಕ್ಕ ಪ್ರತಿ ದೀಪಾವಳಿಗೂ ದಾರಿ ಕಾಯುವಳು, ಇತ್ತ ಇವರು ಕೋಣೆ ಹುಡುಕುವರು.

ಹೀಗಿರಲು ಒಂದು ಸಂಕ್ರಾಂತಿಯ ಹಿಂದುಮುಂದು ಅಕ್ಕನ ಕಾಗದ ಬಂತು. ಮಗನಿಗೆ ಆಫ್ರಿಕಾದಲ್ಲಿ ನೌಕರಿ ಸಿಕ್ಕಿದೆ, ತಾಯಿಯನ್ನೂ ಕರೆದೊಯ್ಯುತ್ತಾನೆ, ಹಡಗು ಇದೇ ತಿಂಗಳ ಕೊನೆಗೆ ಹೊರಡುತ್ತದೆ. "ಹೋದರೆ ತಿರುಗಿ ಬರುತ್ತೇನೆಂಬ ನಂಬಿಕೆ ನನಗಿಲ್ಲ. ಹೇಗಾದರೂ ಬಂದು ನಿನ್ನ ಮುಖ ತೋರಿಸಿ ಹೋಗು ಚೆನ್ನೀ" ಎಂದು ಬರೆದಿದ್ದಳು. ಒಲೆಯ ಮುಂದೆ ಕುಸಿದು ಕುಳಿತೆ. ಇವರು ಕಾಗದ ಇಸಿದುಕೊಂಡು ಓದಿದರು. ಓದುತ್ತ ಓದುತ್ತ ಕಣ್ಣು ದೀಪದಂತೆ ಹತ್ತಿಕೊಂಡವು.

"ಏನ, ಸೆಕೆಂಡ್ ಕ್ಲಾಸಿನ ಕೋಣಿ ಕೊಡತಾರಂತ! ಯಾವ ಮಗ್ಗಲದ್ದು ಅಂತ ಬರದಿಲ್ಲಲ್ಲ?"

ಅಯ್ಯ ಶಿವನೇ! ಒಡಹುಟ್ಟಿದವಳು ಸಮುದ್ರದಾಚೆ ಹೊರಟಿದ್ದಾಳೆ, ಇವರಿಗೆ ಮಗ್ಗುಲಿನ ಚಿಂತೆ! ಅಂದೇ ಕುಳಿತು ಅಕ್ಕನ ಮಗನಿಗೆ ಕಾಗದ ಬರೆದರು. ಹಡಗು ಬಂದರಿನ ಧಕ್ಕೆಗೆ ಯಾವ ಮಗ್ಗುಲು ಹಚ್ಚಿ ನಿಲ್ಲುತ್ತದೆಂದು ಮೊದಲು ವಿಚಾರಿಸು. ಆ ಮಗ್ಗುಲಿಗೇ ಕೋಣೆ ಹಿಡಿ, ನಿನ್ನ ತಾಯಿಗೆ ಕೊನೆಯ ತನಕ ದಂಡೆ ಕಾಣಿಸುತ್ತದೆ. ಹೊಗೆಕೊಳವೆಯ ಮುಂದಿರಲಿ. ಮೇಲೆ ದೋಣಿ ಇರಲಿ. ಪಾಪ, ಆ ಹುಡುಗನೂ ವಿಧೇಯ. ಮರುಟಪಾಲಿಗೆ, "ಕಾಕಾ, ನೀವು ಹೇಳಿದ ಕೋಣೆಯೇ ಸಿಕ್ಕಿತು" ಎಂದು ಉತ್ತರ ಬಂತು. ಇವರಿಗೆ ತಾವೇ ಆಫ್ರಿಕಾ ಮುಟ್ಟಿದಷ್ಟು ಆನಂದ. ಆಫೀಸಿಗೆ ಪೇಢೆ ಒಯ್ದರು.

ನನಗೆ ತಲೆ ಕೆಟ್ಟಿತು. ಮರುದಿನ ಒಲೆ ಹೊತ್ತಿಸಲಿಲ್ಲ.

"ಯಾರದಾರ ಒಳಗ? ಅಡಿಗಿ ಆತೇನು?"

"ಇಲ್ಲ. ಒಳಗ ಯಾರೂ ಇಲ್ಲ" ಎಂದೆ. "ಅಕ್ಕ ಹೋಗೂದ್ರಾಗ ನಾ ಆಕೀನ್ನ ನೋಡಬೇಕು. ಪಾಸ್ ತಗೋರಿ, ನಾಳಿ ರೈಲಿಗೆ ಹೋಗೂಣು. ಇಲ್ಲಂದ್ರ ಈ ಮನ್ಯಾಗ ಒಲಿ ಹತ್ತೂದಿಲ್ಲ."

ಇವರು ಬಹಳ ಹೊತ್ತು ತಲೆ ತುರಿಸಿಕೊಂಡರು. ಆಮೇಲೆ, "ಆತು, ಹೋಗೂಣು. ದಿನಾ ಇನ್ನೂ ಅದಾವ. ಬೋಟಿಗೆ ಹ್ವಾದ್ರೂ ಮುಟ್ಟತೇವಿ. ಜಗಳಾ ಮತ್ತ ಸುರು ಆಗೇತಿ, ದರಾ ಹಿಂದೆಂದೂ ಇಷ್ಟ ಇಳದಿದ್ದಿಲ್ಲ" ಎಂದರು. ಒಬ್ಬಳೇ ಹೊರಟುಬಿಡೋಣವೆಂದರೆ ನಮ್ಮಂಥ ಹೆಂಗಸರು ಒಬ್ಬರೇ ಸ್ಟೇಶನ್ನಿಗೆ ಕೂಡ ಹೋಗದ ಕಾಲ ಅದು. ಇವರು ಹೂಂ ಎಂದದ್ದೇ ದೊಡ್ಡದು, ಹೇಗೆ ಹೋದರೇನು ಎಂದುಕೊಂಡೆ. ಆಫ್ರಿಕಾದಲ್ಲಿ ಜೋಳ ಸಿಗುತ್ತದೋ ಇಲ್ಲವೋ ಎಂದು ಅಕ್ಕನಿಗೆ ಖಡಕ್ ರೊಟ್ಟಿ ಬಡಿದು ಒಣಗಿಸಿದೆ. ಗುರೆಳ್ಳು ಚಟ್ನಿ ಕುಟ್ಟಿದೆ. ಎಲ್ಲ ಒಂದು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ, ಮೋಟಾರಿನಲ್ಲಿ ಕೂಡ ತೊಡೆಯಿಂದ ಇಳಿಸದೆ ಕುಳಿತೆ.

ಕಲಘಟಗಿ ದಾಟಿತು, ಯಲ್ಲಾಪುರ ದಾಟಿತು. ಅರಬೈಲ್ ಘಟ್ಟದಲ್ಲಿ ಮೋಟಾರು ಹೊಗೆ ಕಾರಿ ನಿಂತುಕೊಂಡಿತು. "ರೈಲಿಗೆ ಹಿಂಗ ಆಗತಿತ್ತೇನ್ರಿ?" ಎಂದು ಕೇಳಿದೆ. ಇವರು ಗುಡ್ಡದ ಕಡೆ ಮುಖ ಮಾಡಿ, ಸೀನಿದಂತೆ ಮಾಡಿದರು. ಮರುದಿನ ಅಂತೂ ಕಾರವಾರ ಬಂತು. ಸಮುದ್ರ ಬಂತು. ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ತಪಸ್ಸು ಮಾಡಿದ ಮನುಷ್ಯ, ಕಣ್ಣಲ್ಲಿ ನೀರು ಬಂದೀತು, ಕೈ ಮುಗಿದಾರು ಎಂದುಕೊಂಡಿದ್ದೆ. ಇವರು ಉಸುಕಿನ ಮೇಲೆ ನಿಂತು ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿದರು.

"ನೀರು ಭಾಳ ಐತಿ" ಎಂದರು.

ಬೋಟು ಆಗಲೇ ಬಂದು ನಿಂತಿತ್ತು. ಮಚವೆ ಎಂಬ ಸಣ್ಣ ದೋಣಿಗಳಲ್ಲಿ ಮಂದಿ ಹೋಗಿ ಹತ್ತುತ್ತಿದ್ದರು. ನಾನು ಗಂಟು ಎದೆಗವಚಿಕೊಂಡು ತಯಾರಾಗಿ ನಿಂತೆ. ಟಿಕೀಟಿನ ಕಟ್ಟೆಯಿಂದ ಇವರು ಜೋಲು ಮುಖ ಮಾಡಿಕೊಂಡು ಬಂದರು.

"ಆಗೂದಿಲ್ಲ. ಉಳದಿದ್ದು ಒಂದ ಕೋಣಿ. ಹೊಗಿಕೊಳವಿ ಹಿಂದ ಐತಿ. ಮ್ಯಾಲ, ಬಾಜೂಕ ಮೀನಾ ಹುರಿಯೂ ಅಡಿಗಿಮನಿ!"

"ಮೂಗು ಮುಚ್ಚಿಕೊಂಡು ಕೂಡತೇನ್ರಿ. ಡೆಕ್ಕಿನ ಮ್ಯಾಲ ಕೂಡತೇನಿ. ಹೊಗಿಕೊಳವಿ ಮ್ಯಾಲ ಕುಂದರಸ್ರಿ ಬೇಕಾದ್ರ, ಕೂಡತೇನಿ!"

"ಹಂಗಲ್ಲ. ಇಷ್ಟ ವರ್ಷ ಕಾದು ಈಗ ಅಡಿಗಿಮನಿ ಮಗ್ಗಲಿಗೆ ಹೋಗೂದೇನು? ನಾಳಿ ಇನ್ನೊಂದು ಕಂಪನೀದು ಬರತೈತಿ. ದೋಣಿ ಕೆಳಗಿನ ಕೋಣಿ ಖಾಲಿ ಐತಂತ. ನಿಮ್ಮಕ್ಕನ ಹಡಗು ಹೋಗೂದು ನಾಡದ, ಆರಾಮ ಮುಟ್ಟತೇವಿ."

ಬೋಟು ಸಿಳ್ಳು ಹಾಕಿತು, ಹೋಯಿತು. ನಾನು ದಂಡೆಯ ಮೇಲೆ ನಿಂತು ಅದರ ಹೊಗೆ ಕಾಣದಾಗುವ ತನಕ ನೋಡಿದೆ. ಈ ಮನುಷ್ಯನಿಗೆ ನನ್ನನ್ನು ಕೊಟ್ಟ ಅಪ್ಪನ ಮೇಲೆ, ಹೂಂ ಎಂದ ನನ್ನ ಮೇಲೆ, ಆ ರಂಗೋಲಿಗೆ ತೆಂಗಿನಕಾಯಿ ಒಡೆದ ಹೆಂಗಸರ ಮೇಲೆ ಕೂಡ ಸಿಟ್ಟು ಬಂತು.

ಮರುದಿನದ ಬೋಟು ಬಂತು, ತಡಮಾಡಿಯೇ ಬಂತು. ಕೋಣೆ ಸಿಕ್ಕಿತು. ದೋಣಿಯ ಕೆಳಗಿನದೇ! ಇವರು ಒಳಗೆ ಕಾಲಿಟ್ಟಾಗ ಗೃಹಪ್ರವೇಶದ ಯಜಮಾನರಂತೆ ಬಲಗಾಲು ಮುಂದಿಟ್ಟರು. ನಾನು ಕಿಟಕಿಗೆ ಹೋಗಿ ಇಣುಕಿದೆ. ಏನು ಕಂಡೀತು? ದೋಣಿಯ ಹೊಟ್ಟೆ! ಸಮುದ್ರವೂ ಇಲ್ಲ, ಆಕಾಶವೂ ಇಲ್ಲ, ಗಾಳಿಯಂತೂ ಕೇಳಲೇಬೇಡಿ. ನಮ್ಮ ಹುಬ್ಬಳ್ಳಿಯ ಅಡುಗೆಮನೆಯಲ್ಲಿ ಇದಕ್ಕಿಂತ ಬೆಳಕಿದೆ.

"ನೆರಳು ಹೆಂಗೈತಿ?" ಎಂದರು.

"ನಿಮ್ಮ ಮಾರಿ ಕಾಣವಲ್ದು, ಅಷ್ಟು ಛಲೋ ಐತಿ" ಎಂದೆ.

ಊಟವಾದ ಮೇಲೆ ಅಡ್ಡಾಗೋಣವೆಂದರೆ ಹೊಸ ಗಂಡಾಂತರ. ಉತ್ತರಕ್ಕೆ ತಲೆ ಮಾಡಿ ಮಲಗಬಾರದಲ್ಲ! ಕಾರವಾರದಿಂದ ಮುಂಬಯಿ ಉತ್ತರ ದಿಕ್ಕಿಗೆ. ಹಾಸಿಗೆಯ ದಿಂಬಿನ ಕಡೆ ಸರಿಯಾಗಿ ಹಡಗಿನ ಮೂತಿಯ ಕಡೆಗೆ. ಇಷ್ಟು ವರ್ಷ ಹೊಗೆಕೊಳವೆ, ದೋಣಿ, ಅಡುಗೆಮನೆ ಎಂದು ಲೆಕ್ಕ ಹಾಕಿದ ಮಹಾನುಭಾವರು ಇದೊಂದನ್ನು ಮರೆತಿದ್ದರು. "ದಿಂಬು ಈ ಕಡೆ ಹಾಕು" ಎಂದರು. ಹಾಕಿದೆ. ಅಷ್ಟರಲ್ಲಿ ಬೋಟು ಯಾವುದೋ ಬಂದರಿಗೆಂದು ಹೊರಳಿಕೊಂಡಿತು. ಇವರು ಹೊರಗೆ ಓಡಿ ಸೂರ್ಯನನ್ನು ನೋಡಿ ಬಂದು, "ತಿರುಗು, ತಿರುಗು, ಈಗ ತಲಿ ಉತ್ತರಕ್ಕಾತು!" ಎಂದರು. ತಿರುಗಿದೆ. ಬಂದರಿನಲ್ಲಿ ಲಂಗರು ಹಾಕಿದ ಬೋಟು ಗಾಳಿಗೆ ಮೆಲ್ಲಗೆ ಸುತ್ತತೊಡಗಿತು. ನಾವೂ ಗಡಿಯಾರದ ಮುಳ್ಳಿನಂತೆ ಹಾಸಿಗೆಯ ಮೇಲೆ ಸುತ್ತತೊಡಗಿದೆವು. ಕೊನೆಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಬೋಟಿನ ಆಳು, "ಮೈಯಾಗ ಆರಾಮಿಲ್ಲೇನ್ರಿ ಇವರಿಗೆ?" ಎಂದು ನನ್ನನ್ನು ಕೇಳಿದ. "ಹೌದಪ್ಪಾ, ಭಾಳ ದಿನದಿಂದ" ಎಂದೆ.

ಅವನ ಬಾಯಿಯ ಗುಣವೋ ಏನೋ, ಬೋಟು ತೆರೆದ ನೀರಿಗೆ ಬಿದ್ದದ್ದೇ ತಡ, ಇವರ ಹೊಟ್ಟೆ ತೊಳಸತೊಡಗಿತು. ತಿಂದದ್ದೆಲ್ಲ ಹೊರಗೆ. ಪುಗಸಟ್ಟೆ ಚಹಾ ಹೊರಗೆ, ಬಿಸ್ಕೀಟು ಹೊರಗೆ. ನನಗೆ ಏನೂ ಆಗಲಿಲ್ಲ ನೋಡಿ! ಅವರ ಪಾಲಿನ ಬಿಸ್ಕೀಟನ್ನೂ ನಾನೇ ತಿಂದೆ. ಹಾಸಿಗೆಯ ಮೇಲೆ ಅಡ್ಡಾದಿಡ್ಡಿ ಬಿದ್ದಿದ್ದವರಿಗೆ, "ತಲಿ ಉತ್ತರಕ್ಕೈತ್ರಿ" ಎಂದೆ.

"ಇರಲಿ ಬಿಡು" ಎಂದು ನರಳಿದರು. "ಯಮ ಬಂದ್ರ ಬರಲಿ. ಇದರಕ್ಕಿಂತ ಅಂವಾ ಛಲೋ."

ಕರುಣೆ ಬರಬೇಕಿತ್ತು, ಬರಲಿಲ್ಲ. ನನ್ನ ಜೀವವೆಲ್ಲ ಮುಂಬಯಿಯ ಧಕ್ಕೆಯಲ್ಲಿತ್ತು. ಬೋಟು ಕಂಡಕಂಡ ಬಂದರಿನಲ್ಲಿ ನಿಲ್ಲುವುದು. ತೆಂಗಿನಕಾಯಿ ಏರಿಸುವುದು, ಹಗ್ಗ ಇಳಿಸುವುದು, ಒಂದು ಕಡೆಯಂತೂ ಒಂದು ಎಮ್ಮೆಯನ್ನು ಹತ್ತಿಸಲು ಇಡೀ ಊರೇ ಕೂಡಿತ್ತು. ಆ ಎಮ್ಮೆಗೆ ಬರುವ ಮನಸ್ಸಿರಲಿಲ್ಲ. ನಾನು ಮನಸ್ಸಿನಲ್ಲೇ ಅದರ ಕಾಲು ಹಿಡಿದೆ, ತಾಯೀ, ಹತ್ತವ್ವಾ ಬೇಗ.

ಮುಂಬಯಿ ಮುಟ್ಟಿದ್ದು ಅಕ್ಕನ ಹಡಗು ಹೊರಡುವ ದಿನವೇ, ಹೊತ್ತು ಏರಿದ ಮೇಲೆ. ಆ ದೊಡ್ಡ ಹಡಗು ನಿಲ್ಲುವ ಧಕ್ಕೆ ಬೇರೆ, ನಮ್ಮ ಬೋಟು ನಿಲ್ಲುವುದು ಬೇರೆ. ಕುದುರೆಗಾಡಿ ಹಿಡಿದು ಓಡಿಸಿದೆವು. ಮುಖ ಬಾಡಿ ಹೋದ ಇವರು ಗಾಡಿಯ ಅಂಚು ಹಿಡಿದುಕೊಂಡು ಕುಳಿತಿದ್ದರು. ಬಾಗಿಲು ದಾಟಿ ಮಂದಿಯನ್ನು ಸೀಳಿಕೊಂಡು ಒಳಗೆ ಹೋಗಿ ನೋಡಿದರೆ ಹತ್ತುವ ಏಣಿ ತೆಗೆದಾಗಿತ್ತು. ಹಗ್ಗ ಬಿಚ್ಚಿದ್ದರು. ಹಡಗಿಗೂ ಧಕ್ಕೆಗೂ ನಡುವೆ ನೀರು ಕಾಣುತ್ತಿತ್ತು. ಮೊದಲು ಒಂದು ಗೇಣು, ನೋಡುತ್ತಿದ್ದಂತೆ ಒಂದು ಮಾರು.

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಗಂಟು ತೊಡೆಯ ಮೇಲಿತ್ತು. "ನಿಮ್ಮ ಕೋಣಿಗಿಷ್ಟ ಬೆಂಕಿ ಹಚ್ಚಲಿ" ಎಂದೆ. "ಮೊನ್ನಿ ಬೋಟು ಹತ್ತಿದ್ರ ನಾ ಆಕಿ ಕೈ ಹಿಡೀತಿದ್ದೆ. ಇನ್ನ ಯಾವ ಜನ್ಮಕ್ಕ ನೋಡಲಿ?" ಇನ್ನೂ ಏನೇನೋ ಅಂದೆ. ಮದುವೆಯಾದಂದಿನಿಂದ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. ಸುತ್ತಲಿನ ಮಂದಿ ನೋಡುತ್ತಿದ್ದರು. ಇವರು ಹಡಗನ್ನೇ ನೋಡುತ್ತಿದ್ದರು.

ಒಮ್ಮೆಲೇ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಅಷ್ಟು ಮಂದಿಯ ನಡುವೆ! "ಬಾ, ಇತ್ತಾಗ ಬಾ" ಎಂದು ಎಳೆದುಕೊಂಡು ಧಕ್ಕೆಯ ಗುಂಟ ಓಡತೊಡಗಿದರು. ಹಮಾಲರನ್ನು ದಾಟಿ, ಪೆಟ್ಟಿಗೆಗಳನ್ನು ದಾಟಿ. ಹಡಗಿನ ಮೇಲೆ ಸಂತೆಯಂತೆ ಜನ. ಎಲ್ಲರೂ ಕೈ ಬೀಸುವವರೇ, ಎಲ್ಲರೂ ಅಳುವವರೇ. ಅಲ್ಲಿ ಅಕ್ಕನನ್ನು ಎಲ್ಲಿ ಹುಡುಕುವುದು? ಇವರು ಮಾತ್ರ ಜನರ ಕಡೆ ನೋಡುತ್ತಲೇ ಇರಲಿಲ್ಲ. ಕತ್ತು ಎತ್ತಿ, "ಹೊಗಿಕೊಳವಿ... ಅದರ ಮುಂದ... ದೋಣಿ..." ಎಂದು ಏದುಸಿರಿನಲ್ಲಿ ಗೊಣಗುತ್ತ ಓಡಿದರು. ಗಕ್ಕನೆ ನಿಂತು ಬೆರಳು ಮಾಡಿದರು. "ಅಲ್ಲೆ. ಅಲ್ಲೆ ನೋಡು!"

ದೋಣಿಯ ನೆರಳಿನಲ್ಲಿ ಕಟಾಂಜನಕ್ಕೆ ಒರಗಿಕೊಂಡು ಒಬ್ಬ ಮುದುಕಿ ನಿಂತಿದ್ದಳು. ಬಿಳಿ ಸೀರೆ, ತಲೆಯ ಮೇಲೆ ಸೆರಗು. ನಾವು ಮೊದಲು ನಿಂತಿದ್ದ ಬಾಗಿಲಿನ ಕಡೆಯೇ ನೋಡುತ್ತಿದ್ದಳು. ಅಷ್ಟು ಮುದುಕಿಯಾಗಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಅಕ್ಕಾ ಎಂದು ಕೂಗಲು ಬಾಯಿ ತೆರೆದೆ. ದನಿ ಹೊರಡಲಿಲ್ಲ. ಇವರಾದರೂ ಹೇಗೆ ಕೂಗಬೇಕು? ಹೆಂಡತಿಯ ಅಕ್ಕನೆಂದರೆ ಹಿರಿಯಳು, ಹೆಸರು ಹಿಡಿಯುವಂತಿಲ್ಲ. ಹಡಗು ಮೂತಿ ತಿರುಗಿಸತೊಡಗಿತ್ತು.

ಆಗ ಇವರು ಎರಡೂ ಕೈ ಬಾಯಿಗೆ ಹಚ್ಚಿದರು.

"ಚೆನ್ನೀ...!"

ಹೆಂಡತಿಯ ಹೆಸರು ಹೇಳದ ಮನುಷ್ಯ, ಅದರಲ್ಲೂ ಹಡೆದ ತಾಯಿಯ ಹೆಸರು! ಆ ಹೆಸರು ಇವರಿಗೆ ನೆನಪಿದೆ ಎಂದೇ ನನಗೆ ತಿಳಿದಿರಲಿಲ್ಲ. "ಚೆನ್ನೀ! ಏ ಚೆನ್ನೀ! ಚೆನ್ನೀ!" ಸಿಳ್ಳಿನ ಸಪ್ಪಳದ ಮೇಲೆ, ಅಷ್ಟೂ ಮಂದಿಯ ಗದ್ದಲದ ಮೇಲೆ, ಗಂಟಲು ಹರಿಯುವ ಹಾಗೆ ಇವರು ನನ್ನ ಹೆಸರು ಕೂಗಿದರು. ಆ ಹಡಗಿನ ತುಂಬ ಇದ್ದ ಮಂದಿಯಲ್ಲಿ ಆ ಹೆಸರಿಗೆ ತಿರುಗುವವಳು ಒಬ್ಬಳೇ.

ಅವಳು ತಿರುಗಿದಳು. ನನ್ನನ್ನು ಕಂಡಳು. ತಲೆಯ ಸೆರಗು ಜಾರಿದ್ದೂ ತಿಳಿಯದೆ ಎರಡೂ ಕೈ ನನ್ನ ಕಡೆಗೆ ಚಾಚಿದಳು. ಅವಳ ದನಿ ನನ್ನವರೆಗೆ ಬರಲಿಲ್ಲ, ಬಾಯಿ ಆಡಿದ್ದು ಕಂಡಿತು. ಏನೆಂದಳೆಂದು ಕೇಳಿ ತಿಳಿಯಬೇಕೆ? ನಾನು ಗಂಟನ್ನು ತಲೆಯ ಮೇಲೆತ್ತಿ ತೋರಿಸಿದೆ, ಹುಚ್ಚಿಯಂತೆ. ಹಡಗು ಹೊರಳಿ ದೋಣಿ ಕಣ್ಣಿಗೆ ಮರೆಯಾಗುವ ತನಕ ಇವರು ಕೂಗುತ್ತಲೇ ಇದ್ದರು. ಕೊನೆಕೊನೆಗೆ ಬರೀ ಗಾಳಿ ಬರುತ್ತಿತ್ತು, ದನಿಯಲ್ಲ.

ಅಕ್ಕ ಹೇಳಿದ ಹಾಗೇ ಆಯಿತು. ಅವಳು ತಿರುಗಿ ಬರಲಿಲ್ಲ. ನಾನು ಅವಳ ಕೈ ಹಿಡಿಯಲಿಲ್ಲ. ಅದಕ್ಕೆ ಇವರನ್ನು ನಾನು ಇಂದಿಗೂ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ತಿರುಗಿ ಬಂದದ್ದು ರೈಲಿನಲ್ಲಿ. ನಾನು ಕೇಳಲಿಲ್ಲ, ಇವರೇ ಸುಮ್ಮನೆ ಪಾಸು ತೆಗೆದರು. ಪುಣೆ ದಾಟಿದ ಮೇಲೆ ಹಸಿವಾಯಿತು. ಇದ್ದದ್ದು ಅಕ್ಕನ ಗಂಟೊಂದೇ. ಬಿಚ್ಚಿದೆ. ಖಡಕ್ ರೊಟ್ಟಿ ಮುರಿದು, ಚಟ್ನಿ ಹಾಕಿ, ಇವರ ಕೈಗಿಟ್ಟೆ. ನಾನೂ ಬಾಯಿಗಿಟ್ಟುಕೊಂಡೆ. ಇವರಿಗೆ ಹರಿದ ಗಂಟಲಿಗೆ ಖಾರ ತಗಲಿ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಬಂದದ್ದೆಂದೇ ಹೇಳುತ್ತಾರೆ, ಇರಲಿ. ನನ್ನ ಕಡೆ ನೋಡದೆ, ಕಿಟಕಿಯ ಹೊರಗೆ ನೋಡುತ್ತ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ದನಿಯಲ್ಲಿ ಅಂದರು:

"ಚೆನ್ನೀ, ನೀರು ಕೊಡು."

ಕೊಟ್ಟೆ.